ಬೆಡ್‌ಶೀಟಿನ ಎದುರು ತುದಿ

ಜೂನ್ 3, ಸೋಮವಾರ. ಸಂಜೆ

ಲಾಂಡ್ರಿಯ ಇಸ್ತ್ರಿ ರೋಲರ್ ಇವತ್ತೂ ಮಧ್ಯೆ ಕೈಕೊಟ್ಟಿತು. ಹೋಟೆಲಿನವರ ಬಿಳಿ ಬೆಡ್‌ಶೀಟುಗಳು ಬೆಟ್ಟದ ಹಾಗೆ ಬಿದ್ದಿದ್ದವು. ಹೇಗೋ ಮುಗಿಸಿದೆವು.

ದೊಡ್ಡ ಶೀಟು ಮಡಚಲು ಇಬ್ಬರು ಬೇಕು. ಈ ತುದಿ ನಾನು, ಎದುರು ತುದಿ ಅವನು. ಕೊಡವಬೇಕು, ಎಳೆಯಬೇಕು, ಅರ್ಧ ಮಾಡಬೇಕು. ಆಮೇಲೆ ಇಬ್ಬರೂ ನಡೆದು ಬಂದು ನಡುವೆ ಸೇರಬೇಕು. ಅವನ ಕೈಯ ಮೂಲೆಗಳು ನನ್ನ ಕೈಗೆ. ಮತ್ತೆ ಹಿಂದಕ್ಕೆ. ಒಂದು ಶೀಟಿಗೆ ಒಂದು ಮಾತು. ಮಾತು ಉದ್ದವಾದರೆ ಮುಂದಿನ ಶೀಟಿಗೆ ಬಾಕಿ. ಇವತ್ತು ಅವನ ಚಿಕ್ಕಮ್ಮನ ಬೆಕ್ಕಿನ ಕಥೆ ಊಟದ ಹೊತ್ತಿಗೆ ಶುರುವಾಗಿ ಸಂಜೆಯವರೆಗೆ ನಡೆಯಿತು. ಬೆಕ್ಕು ಇನ್ನೂ ಬೀರುವಿನ ಮೇಲೇ ಇದೆ. ನಾಳೆ ಇಳಿಯುತ್ತದಂತೆ.

ಒಗೆಯುವ ಡ್ರಮ್ಮುಗಳು, ಒಣಗಿಸುವ ಮೆಷಿನ್ನು, ಸ್ಟೀಮಿನ ಬುಸುಗುಟ್ಟುವಿಕೆ... ಹೊಸಬರು ಮೊದಲ ದಿನವೇ ತಲೆ ಚಿಟ್ಟು ಹಿಡಿದು ಕೂರುತ್ತಾರೆ. ನನಗೆ ಮಾತ್ರ ಆ ಮೆಷಿನ್ ಹಾಲ್‌ನಲ್ಲಿ ಎಲ್ಲರ ಮಾತೂ ಸ್ಪಷ್ಟ. ಅವನದಂತೂ ಒಂದೊಂದು ಅಕ್ಷರ. ಸೂಪರ್‌ವೈಸರ್ ಮೇಡಂ ಎಲ್ಲರೆದುರು ಹೊಗಳಿದರು— "ಇವಳ ಕಿವಿ ಭಾರಿ ಚುರುಕು ಕಣ್ರಪ್ಪಾ."

ನಕ್ಕೆ. ಗೇಟು ದಾಟಿ ನಮ್ಮ ಬೀದಿಗೆ ಬಂದರೆ ಆ ಚುರುಕು ಕಿವಿ ಎಲ್ಲಿಗೆ ಹೋಗುತ್ತದೋ.

ಜೂನ್ 6

ಅಕ್ಕ ಬಾಗಿಲ ಬಳಿ ನಿಂತು ಏನೋ ಹೇಳಿದಳು. ಹೂಂ ಅಂದೆ. ಅದು ಹೂಂ ಅನ್ನುವ ಮಾತಾಗಿರಲಿಲ್ಲ ಅಂತ ಅವಳ ಮುಖ ನೋಡಿದ ಮೇಲೆ ತಿಳಿಯಿತು. ಭಾವ ಲಾರಿ ತೆಗೆದುಕೊಂಡು ಹೋದರೆ ವಾರಗಟ್ಟಲೆ ಬರುವುದಿಲ್ಲ. ಮನೆಯಲ್ಲಿ ನಾವಿಬ್ಬರೇ. ಇಬ್ಬರೇ ಇರುವ ಮನೆ ಅಂದರೆ ಎಷ್ಟು ಮೆತ್ತಗೆ... ಎಲ್ಲವೂ ಹತ್ತಿ ಸುತ್ತಿಟ್ಟ ಹಾಗೆ. ನನ್ನ ದನಿ ಮಾತ್ರ ತಲೆಯೊಳಗೆ ಡಬ್ಬದಲ್ಲಿ ಗುಂಯ್‌ಗುಟ್ಟುತ್ತದೆ. ಅದಕ್ಕೇ ಮೆಲ್ಲಗೆ ಮಾತಾಡುತ್ತೇನೆ. ಅಕ್ಕ ಅದನ್ನು ಸೌಜನ್ಯ ಅಂದುಕೊಂಡಿದ್ದಾಳೆ.

ಅಮ್ಮನೂ ಹೀಗೇ ಮೆಲ್ಲಗೆ ಮಾತಾಡುತ್ತಿದ್ದಳು. ಅವಳ ಕಿವಿ ನನ್ನ ವಯಸ್ಸಿಗೆ ಮಂದವಾಯಿತು. ಅಪ್ಪ ಕೆಟ್ಟವನಲ್ಲ. ಆದರೆ ಅಮ್ಮನ ಜೊತೆ ಅವನು ಮಾತಾಡಿದ್ದನ್ನು ನಾನು ಕಂಡಿಲ್ಲ. ಬರೀ ಕೂಗಿದ್ದು. ಸ್ನಾನಕ್ಕೆ ನೀರು ಕಾದಿದೆ ಅಂತ ಕೂಗು. ಮಾತ್ರೆ ತಗೊಂಡೆಯಾ ಅಂತ ಕೂಗು. ಇಡೀ ವಠಾರಕ್ಕೆ ಅಮ್ಮನ ಮೊಣಕಾಲು ನೋವು ಗೊತ್ತಿತ್ತು. ಪ್ರೀತಿಯ ಮಾತು ಏನಾದರೂ ಅವನ ಹತ್ತಿರ ಇದ್ದಿದ್ದರೂ ಅದನ್ನು ಹೇಗೆ ಕೂಗುತ್ತಾನೆ? ನುಂಗಿಕೊಂಡಿರಬೇಕು.

ನನಗೆ ಯಾರೂ ಕೂಗುವುದು ಬೇಡ. ಅವನಿಗಂತೂ ಗೊತ್ತಾಗಲೇಬಾರದು.

ಜೂನ್ 9, ಭಾನುವಾರ

ಮೊನ್ನೆ ಬೆಕ್ಕು ಇಳಿಯಿತು. ಆ ಶೀಟು ಮುಗಿದ ಮೇಲೆ ಮುಂದಿನದು ಬೇರೆಯೇ ಆಗಿತ್ತು. "ಭಾನುವಾರ..." ಹಿಂದಕ್ಕೆ ಹೋದ. ಮತ್ತೊಂದು ಶೀಟು. "...ಏನಾದ್ರೂ ಕೆಲ್ಸ ಇದ್ಯಾ?" ಇಲ್ಲ ಅಂತ ಹೇಳಲು ನಾನು ಎರಡು ಶೀಟು ತೆಗೆದುಕೊಂಡೆ. ಬೇಕಂತಲೇ.

ಜಾಗ ನಾನೇ ಆರಿಸಿದೆ. ಮೇಲ್ಸೇತುವೆಯ ಕೆಳಗಿನ ಜ್ಯೂಸ್ ಅಂಗಡಿ. ಮೇಲೆ ಬಸ್ಸು, ಪಕ್ಕದಲ್ಲಿ ಜನರೇಟರ್, ಒಳಗೆ ಮಿಕ್ಸಿ. ಸ್ವರ್ಗ! ಅವನು ಹೇಳಿದ್ದೆಲ್ಲ ಕೇಳಿಸಿತು. ಚಿಕ್ಕಂದಿನಲ್ಲಿ ಈಜಲು ಹೋಗಿ ಚಪ್ಪಲಿ ಕಳೆದುಕೊಂಡದ್ದು, ಮೂಲೆ ಸರಿ ಕೂರದ ಶೀಟು ಕಂಡರೆ ರಾತ್ರಿ ಕನಸಿಗೆ ಬರುವುದು. ಮೇಜಿಗೆ ಬಾಗಿ ಕೂತು, ಕತ್ತಿನ ನರ ಉಬ್ಬಿಸಿ ಹೇಳುತ್ತಿದ್ದ. ನೋಡುತ್ತಲೇ ಇರಬೇಕು ಅನ್ನಿಸಿತು. ಅನ್ನಿಸಿತು ಅಂತ ಬರೆಯುವಷ್ಟು ಧೈರ್ಯ ಬಂದಿದೆ ನನಗೆ, ಪರವಾಗಿಲ್ಲ.

ಜೂನ್ 16

ಇವತ್ತು ರೈಲ್ವೆ ಸ್ಟೇಷನ್ನಿನ ಮೇಲೆ ಜನ ಓಡಾಡುವ ಸೇತುವೆ. ಕೆಳಗೆ ಗಾಡಿಗಳು ಬಂದು ಹೋಗುತ್ತಿದ್ದವು.

"ನಿಮ್ಗೆ ಶಾಂತವಾಗಿರೋ ಜಾಗ ಅಂದ್ರೆ ಅಲರ್ಜಿನಾ?"

"ಜನ ಇದ್ರೆ ಚೆಂದ ಅಲ್ವಾ?"

"ಚೆಂದವೇ. ಆದ್ರೆ ಒಂದ್ಸಲ ನಾನು ಹೇಳೋ ಕಡೆ ಬನ್ನಿ."

ಆಗಲಿ ಅಂದೆ. ಇನ್ನೇನು ಅನ್ನಲಿ.

ಜೂನ್ 23, ಭಾನುವಾರ. ಸಂಜೆ 7

ಕೆರೆಯ ದಂಡೆ. ಕಲ್ಲು ಬೆಂಚು. ಮರ. ಒಂದು ನರಪಿಳ್ಳೆ ಇಲ್ಲ. ಎಂಥ ಜಾಗ ಹುಡುಕಿದ್ದಾನೆ ಮಾರಾಯ!

ಜೇಬಿನಿಂದ ಪೆಪ್ಪರ್‌ಮಿಂಟ್ ತೆಗೆದು ನನಗೊಂದು ಕೊಟ್ಟ, ತಾನೂ ಒಂದು ಬಾಯಿಗೆ ಹಾಕಿಕೊಂಡ. ಅದು ನನ್ನ ಹಲ್ಲಿಗೆ ತಾಕಿದಾಗಲೆಲ್ಲ ತಲೆಯೊಳಗೆ ಕಲ್ಲು ಉರುಳಿದ ಹಾಗೆ. ಅವನು ನೀರಿನ ಕಡೆ ತಿರುಗಿ ಕೂತ. ಕೆನ್ನೆ ಮಾತ್ರ ಕಾಣುತ್ತಿತ್ತು. ದವಡೆ ಆಡುತ್ತಿತ್ತು. ಏನೋ ಹೇಳುತ್ತಿದ್ದಾನೆ. ಇಷ್ಟು ದಿನ ಹೇಳದೆ ಇಟ್ಟುಕೊಂಡಿದ್ದನ್ನು ಹೇಳುತ್ತಿದ್ದಾನೆ. ನನಗೆ ಏನೂ... ಏನೂ ಇಲ್ಲ. ಬಾಗಿದೆ. ಗಾಳಿಗೆ ಎಲೆ ಆಡುವುದು ಕಂಡಿತು, ಎಲೆಯ ಸದ್ದೂ ಇಲ್ಲ. ಅವನು ತಿರುಗಿ ನನ್ನ ಮುಖ ನೋಡಿದ. ಉತ್ತರಕ್ಕೆ ಕಾಯುತ್ತಿದ್ದಾನೆ. ಯಾವ ಪ್ರಶ್ನೆಗೆ?

ಎದ್ದುಬಿಟ್ಟೆ. "ಬಸ್‌ಸ್ಟ್ಯಾಂಡ್ ಕಡೆ ಹೋಗೋಣ್ವಾ?"

ಮುಖ ಹುಳ್ಳಗಾಯಿತು ಅವನದು. ಬಂದ. ಬಸ್ಸಿನಲ್ಲಿ ಕಿಟಕಿ ಗಾಜು ಗಡಗಡ ಅನ್ನುತ್ತಿತ್ತು, ಕಂಡಕ್ಟರ್ ಸೀಟಿ ಊದುತ್ತಿದ್ದ. ಅಲ್ಲಿ ಅವನು ದನಿ ಎತ್ತಿ ಹೇಳಿದ್ದು ಒಂದಕ್ಷರ ಬಿಡದೆ ಕೇಳಿಸಿತು.

"ಪರವಾಗಿಲ್ಲ ರೀ, ಅರ್ಥ ಆಯ್ತು. ನಿಮ್ಗೆ ನನ್ನ ಜೊತೆ ಒಬ್ಬರೇ ಕೂರೋಕೆ ಇಷ್ಟ ಇಲ್ಲ. ಅದಕ್ಕೇ ಸಂತೆಯಂಥ ಜಾಗವೇ ಬೇಕು ನಿಮ್ಗೆ. ಊರಾಚೆ ಹೊಸ ಯೂನಿಟ್ ಶುರು ಆಗ್ತಿದೆಯಲ್ಲ, ಅಲ್ಲಿಗೆ ಬರ್ತೀಯಾ ಅಂತ ಕೇಳಿದ್ರು. ನಾಳೆ ಹೂಂ ಅಂತೀನಿ."

ಬೇಡ ಅನ್ನಬೇಕಿತ್ತು. ಅಂದರೆ ಯಾಕೆ ಎದ್ದೆ ಅಂತ ಹೇಳಬೇಕಾಗುತ್ತಿತ್ತು. ಸ್ಟಾಪು ಬಂತು. ಇಳಿದೆ.

ಜುಲೈ 1

ಅವನು ಹೋದ. ಹೋಗುವ ದಿನ ಕೊನೆಯ ಶೀಟಿನ ಮೂಲೆಗಳನ್ನು ಕೈಗಿಟ್ಟು "ಬರ್ತೀನಿ" ಅಂದ. ಅದೂ ಕೇಳಿಸಿತು. ಬೇಕಾದ ಒಂದು ಮಾತು ಬಿಟ್ಟು ಉಳಿದದ್ದೆಲ್ಲ ಕೇಳಿಸುತ್ತದೆ ಈ ದರಿದ್ರ ಕಿವಿಗೆ.

ಎದುರು ತುದಿಗೆ ಹೊಸ ಹುಡುಗಿ ಬಂದಿದ್ದಾಳೆ. ಒಳ್ಳೆಯವಳು. ಮೂಲೆ ಕೂರಿಸಲು ಬರುವುದಿಲ್ಲ. ಒಂದು ಶೀಟಿಗೆ ಹತ್ತು ಮಾತು.

ಬೆಂಚಿನ ಮೇಲೆ ಏನು ಹೇಳಿದ? ಮಡಚುವಾಗ, ಬಸ್ಸಿನಲ್ಲಿ, ಹಲ್ಲುಜ್ಜುವಾಗ ಅದೇ. ನೂರು ಮಾತು ನಾನೇ ಕಟ್ಟಿ ಅವನ ಬಾಯಿಗೆ ಹಾಕಿ ನೋಡಿದೆ. ಯಾವುದೂ ಅವನ ದವಡೆಗೆ ಹೊಂದುವುದಿಲ್ಲ. ಅವನನ್ನು ನೋಡಬೇಕು ಅನ್ನಿಸುತ್ತದೆ. ತುಂಬಾ ಅನ್ನಿಸುತ್ತದೆ.

ಜುಲೈ 19

ಗುಟ್ಟು ಒಡೆಯಿತು. ಸ್ನಾನದ ಮನೆಯಲ್ಲಿ ಜಾರಿ ಬಿದ್ದ ಅಕ್ಕ ನನ್ನನ್ನು ಕರೆದೇ ಕರೆದಿದ್ದಾಳೆ. ನಾನು ಪಕ್ಕದ ಕೋಣೆಯಲ್ಲಿ ಬಟ್ಟೆಗೆ ಗುಂಡಿ ಹೊಲಿಯುತ್ತಿದ್ದೆ. ಕೊನೆಗೆ ಗೋಡೆ ಹಿಡಿದುಕೊಂಡು ತಾನೇ ಎದ್ದು ಬಂದಳು. ಬಯ್ಯಲಿಲ್ಲ. ನನ್ನೆದುರು ಕೂತು, ಮುಖ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ಯಾವಾಗಿಂದ ಕಣೇ?"

ಅತ್ತುಬಿಟ್ಟೆ.

"ಅಮ್ಮನ ಹಾಗೆ ಕೂರೋಕೆ ಬಿಡಲ್ಲ ನಿನ್ನ. ನಾಳೆಯೇ ಹೋಗೋಣ."

ಅವಳ ಪಾದ ಊದಿಕೊಂಡಿದೆ. ಐಸ್ ಇಟ್ಟೆ. ನಾಳೆ ಆಗದು, ಅವಳು ನಡೆಯುವಂತಾಗಲಿ.

ಜುಲೈ 25, ಗುರುವಾರ

ಕಿವಿಯ ಡಾಕ್ಟರಮ್ಮ. ದೊಡ್ಡ ಕನ್ನಡಕ, ಸಣ್ಣ ಕೈ. ಗಾಜಿನ ಕೋಣೆಯಲ್ಲಿ ಕೂರಿಸಿ ಕುಂಯ್ ಕುಂಯ್ ಸದ್ದು ಕೇಳಿಸಿದರು, ಕೇಳಿಸಿದಾಗ ಗುಂಡಿ ಒತ್ತಬೇಕು. ಆಮೇಲೆ ಎರಡು ಕವಲಿನ ಕಬ್ಬಿಣದ ಕಡ್ಡಿಯೊಂದನ್ನು ಬಡಿದು ಕಿವಿಯ ಮುಂದೆ ಹಿಡಿದರು. ಸುಮಾರಾಗಿ ಕೇಳಿಸಿತು. ಅದರ ಬುಡವನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿದರು. ಅಬ್ಬಾ! ತಲೆಯೆಲ್ಲ ಝೇಂಕಾರ.

ಡಾಕ್ಟರಮ್ಮ ನನ್ನ ಮುಖ ನೋಡಿ ಕೇಳಿದರು— "ಗಲಾಟೆ ಇರೋ ಕಡೆ ಚೆನ್ನಾಗಿ ಕೇಳಿಸುತ್ತೆ ಅಲ್ವಾ ನಿಮ್ಗೆ?"

ಕಳ್ಳನ ಜೇಬಿಗೆ ನೇರ ಕೈ ಹಾಕಿದ ಹಾಗಾಯಿತು.

ಎಲ್ಲ ಬಿಡಿಸಿ ಹೇಳಿದರು. ಕಿವಿಯ ತಮಟೆಯ ಹಿಂದೆ ಮೂರು ಪುಟ್ಟ ಮೂಳೆಗಳಿವೆಯಂತೆ. ಸದ್ದನ್ನು ಒಂದರಿಂದ ಒಂದಕ್ಕೆ ದಾಟಿಸಿ ಒಳಕಿವಿಗೆ ಮುಟ್ಟಿಸುವುದು ಅವುಗಳ ಕೆಲಸ. ಕೊನೆಯದು ಅಕ್ಕಿಕಾಳಿಗಿಂತ ಚಿಕ್ಕದು. ನನಗೆ ಅದರ ಬುಡದಲ್ಲಿ ಬೇಡದ ಮೂಳೆ ಬೆಳೆದು ಕಚ್ಚಿ ಹಿಡಿದಿದೆ. ಅಲುಗುವುದಿಲ್ಲ. ನರ ಚೆನ್ನಾಗಿದೆ, ದಾರಿ ಕಟ್ಟಿದೆ. ಎರಡೂ ಕಿವಿಗೂ ಅಷ್ಟೇ, ಬಲಕ್ಕೆ ಜಾಸ್ತಿ. ಒಂದೊಂದು ಮನೆತನದಲ್ಲಿ ಹೀಗೆ ಬರುತ್ತದೆ.

"ಮತ್ತೆ ಗಲಾಟೆಯಲ್ಲಿ ಯಾಕೆ ಕೇಳಿಸುತ್ತೆ ಮೇಡಂ?"

"ಗಲಾಟೆಯಲ್ಲಿ ಎಲ್ಲರೂ ಕೂಗ್ತಾರಲ್ಲಮ್ಮ. ಮೆಷಿನ್ ಸದ್ದು ಅವರ ಕಿವಿ ತುಂಬುತ್ತೆ, ನಿಮ್ಮ ಕಿವಿಗೆ ಅಷ್ಟು ಮುಟ್ಟಲ್ಲ. ಕೂಗಿದ ಮಾತು ಮಾತ್ರ ಮುಟ್ಟುತ್ತೆ."

ಅಕ್ಕ ಖರ್ಚು, ದಿನ, ರಜೆ ಅಂತ ಕೇಳುತ್ತಿದ್ದಳು. ನಾನು ಬೇರೆ ಕಡೆ ಇದ್ದೆ. ಬೆಕ್ಕಿನ ಕಥೆ, ಚಪ್ಪಲಿಯ ಕಥೆ, "ಬರ್ತೀನಿ"... ಎಲ್ಲವೂ ಕೂಗಿದ್ದು. ನನ್ನ ಅಪ್ಪ ಕೂಗಿದ ಹಾಗೆಯೇ ಕೂಗಿದ್ದು. ಯಾವುದಕ್ಕೆ ಹೆದರಿ ಅಡಗಿಕೊಂಡೆನೋ ಅದನ್ನೇ ಇಷ್ಟು ದಿನ ಆಸೆಪಟ್ಟು ಕೇಳಿದ್ದೇನೆ. ಅವನ ದನಿ ಅಂತ ನಾನು ಎದೆಯಲ್ಲಿ ಇಟ್ಟುಕೊಂಡದ್ದು ಅವನ ಕೂಗು. ಅವನ ದನಿ ಹೇಗಿದೆಯೋ ನನಗೆ ಗೊತ್ತೇ ಇಲ್ಲ.

ಕಿವಿಗೆ ಹಾಕುವ ಮೆಷಿನ್ ಆದೀತು, ಆಪರೇಷನ್ ಆದರೂ ಆದೀತು, ಅವಸರವಿಲ್ಲ ಅಂದರು. ಲಾಂಡ್ರಿಯ ಸ್ಟೀಮಿಗೆ ಮೆಷಿನ್ ಬಾಳುವುದಿಲ್ಲ. ಆಪರೇಷನ್ನಿನಲ್ಲಿ ಅಪರೂಪಕ್ಕೆ ಒಬ್ಬರಿಗೆ ಆ ಕಿವಿ ಪೂರ್ತಿ ಹೋಗುವುದೂ ಉಂಟಂತೆ. ಅಕ್ಕನಿಗೆ ಅಲ್ಲೇ ಬೆವರು.

ಮಾಡಿಸಿಕೊಳ್ಳುತ್ತೇನೆ ಅಂದೆ. ಅಮ್ಮನನ್ನು ಇಂಥ ಕುರ್ಚಿಯ ತನಕ ಯಾರೂ ಕರೆದುಕೊಂಡು ಬರಲಿಲ್ಲ.

ಆಗಸ್ಟ್ 13, ಮಂಗಳವಾರ

ಆಯಿತು. ಬಲಗಿವಿ. ಬ್ಯಾಂಡೇಜು. ಕಾಗದ ತೇಲುತ್ತಿದೆ, ಸಾಲು ಸೊಟ್ಟ.

ಪ್ರಜ್ಞೆ ಇಟ್ಟೇ ಮಾಡಿದರು. ಕಿವಿಯ ಸುತ್ತ ಮಾತ್ರ ಮರಗಟ್ಟಿಸಿದ್ದರು. ಕಚ್ಚಿಕೊಂಡ ಮೂಳೆಯ ಮೇಲ್ಭಾಗ ತೆಗೆದು, ಬುಡಕ್ಕೆ ಸಣ್ಣ ತೂತು ಮಾಡಿ, ಸೂಜಿಯ ತುದಿಯಂಥ ಪಿಸ್ಟನ್ ಕೂರಿಸುತ್ತಾರೆ. ಒಂದು ಗಳಿಗೆ ಇಡೀ ಕೋಣೆ ಗಿರ್ರೆಂದು ತಿರುಗಿತು. ನಿಂತಿತು. ಆಗ ಕೇಳಿಸಿತು— ಪಿಸುಮಾತು.

"ನಿಮ್ಮ ಅಕ್ಕ ಹೊರಗೆ ಉಗುರು ಕಚ್ಚುತ್ತಾ ಕೂತಿದ್ದಾರೆ."

ಡಾಕ್ಟರಮ್ಮ. ಮಾಸ್ಕಿನ ಒಳಗಿಂದ. ಬಾಯಿ ಕಾಣದೆ. ಕೂಗದೆ. ಎಷ್ಟೋ ವರ್ಷದ ಮೇಲೆ ಯಾರೋ ನನಗೊಬ್ಬಳಿಗೇ ಅಂತ ಒಂದು ಮಾತು ಹೇಳಿದ್ದರು. "ಕೇಳಿಸ್ತು" ಅಂದೆ. ಕಣ್ಣೀರು ಕಿವಿಗೆ ಇಳಿಯಬಾರದು, ಅಳಬೇಡಿ ಅಂತ ನರ್ಸು ಒರೆಸಿದಳು.

ಆಗಸ್ಟ್ 17

ಏನೂ ಇಲ್ಲ. ಒಳಗೆ ಹತ್ತಿಯಂಥದ್ದು ತುರುಕಿದ್ದಾರೆ, ತೆಗೆಯುವವರೆಗೆ ಹೀಗೇ ಅಂದಿದ್ದಾರೆ. ಆದರೂ ಮನಸ್ಸು ಕೇಳಬೇಕಲ್ಲ. ಕೊಟ್ಟು ಕಿತ್ತುಕೊಂಡ ಹಾಗಿದೆ. ಆ ಅಪರೂಪದ ಒಬ್ಬಳು ನಾನೇ ಏನೋ.

ಎದ್ದರೆ ತಲೆ ಸುತ್ತು. ಊಟಕ್ಕೆ ಕಬ್ಬಿಣದ ರುಚಿ. ಮೂಗು ಸೀಟುವಂತಿಲ್ಲ, ಭಾರ ಎತ್ತುವಂತಿಲ್ಲ, ಸೀನು ಬಂದರೆ ಬಾಯಿ ತೆರೆದು ಸೀನಬೇಕು. ಹಾಗೆ ಸೀನಿದ್ದು ನೋಡಿ ಅಕ್ಕ ನಗು ತಡೆಯಲಾರದೆ ಅಡುಗೆಮನೆಗೆ ಓಡಿದಳು.

ಆಗಸ್ಟ್ 21

ತೆಗೆದರು.

ಕಾಗದ! ಡಾಕ್ಟರಮ್ಮ ಚೀಟಿ ಹರಿದ ಸದ್ದಿಗೆ ಬೆಚ್ಚಿದೆ. ನನ್ನ ಚಪ್ಪಲಿಗೆ ಸದ್ದಿದೆ. ಅಕ್ಕ ಉಸಿರಾಡುವಾಗ ಮೂಗಿನಿಂದ ಸಣ್ಣ ಸೀಟಿ ಬರುತ್ತದೆ, ಪಾಪ, ಅವಳಿಗೇ ಗೊತ್ತಿಲ್ಲ. ನನ್ನ ದನಿ ತಲೆಯಿಂದ ಇಳಿದು ಬಾಯಿಗೆ ಬಂದಿದೆ, ಎಷ್ಟು ಚಿಕ್ಕದಾಗಿ! ಮನೆಗೆ ಬಂದು ನಲ್ಲಿ ತಿರುಗಿಸಿ ನಿಂತೆ. "ನೀರು ದಂಡ ಮಾಡ್ಬೇಡ್ವೇ" ಅಂತ ಅಕ್ಕ ಆಚೆ ಕೋಣೆಯಿಂದಲೇ ಬಯ್ದಳು. ಬಯ್ದದ್ದು ಇಷ್ಟು ಇಂಪಾಗಿ ಯಾರಿಗೂ ಕೇಳಿಸಿರಲಿಕ್ಕಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಅವನ ನೆನಪು ಬಂತು. ಬಂತು ಅನ್ನುವುದು ಸುಳ್ಳು, ಹೋಗಿದ್ದರೆ ತಾನೇ.

ಸೆಪ್ಟೆಂಬರ್ 2, ಸೋಮವಾರ

ಕೆಲಸಕ್ಕೆ ಹೋದೆ. ಇನ್ನು ಕೆಲವು ವಾರ ಮೆಷಿನ್ ಹಾಲ್ ಬೇಡ ಅಂತ ಡಾಕ್ಟರಮ್ಮ ಬರೆದುಕೊಟ್ಟಿದ್ದಾರೆ. ಹಿಂದಿನ ಕೋಣೆಯಲ್ಲಿ ಮೇಜುಬಟ್ಟೆ ವಿಂಗಡಿಸುವ ಕೆಲಸ.

ಮಧ್ಯಾಹ್ನ ತಡೆಯಲಾಗದೆ ಕೈಯಿಂದ ಕಿವಿ ಮುಚ್ಚಿಕೊಂಡು ಹಾಲ್‌ಗೆ ಹೋದೆ. ಒಂದು ಗಳಿಗೆ ಕೈ ತೆಗೆದೆ. ಅಯ್ಯೋ ದೇವರೇ. ಇಷ್ಟು ಸದ್ದಿನಲ್ಲಿ ನಾನು ಬದುಕಿದ್ದೆನೇ! ಹೊಸ ಹುಡುಗಿ ಏನೋ ಹೇಳಿದಳು, ಅಕ್ಷರ ಹತ್ತಲಿಲ್ಲ. ಸೂಪರ್‌ವೈಸರ್ ಮೇಡಂ ಏನೋ ಹೇಳಿದರು, ಅದೂ ಇಲ್ಲ. ಎಲ್ಲರ ಬಾಯಿ ಆಡುತ್ತಿತ್ತು. ಊರಲ್ಲೆಲ್ಲ ಕೇಳಿಸುವ ಕಿವಿಗೆ ಅಲ್ಲಿ ಮಾತ್ರ ಕೇಳಿಸುವುದಿಲ್ಲ ಈಗ.

ಮಡಚುವ ಜಾಗದಲ್ಲಿ ನಿಂತಾಗ ಅಳು ಬಂತು. ಅವನು ಈಗ ವಾಪಸು ಬಂದು ಎದುರು ತುದಿ ಹಿಡಿದರೂ ಅವನ ಕಥೆ ನನಗೆ ಮುಟ್ಟುವುದಿಲ್ಲ. ನಮ್ಮಿಬ್ಬರಿಗೆ ಅಂತ ಇದ್ದದ್ದು ಅದೊಂದೇ ಜಾಗ.

ಇನ್ನೊಂದು ಇದೆ. ಕಲ್ಲು ಬೆಂಚು.

ಸಂಜೆ ಮೆಸೇಜು ಮಾಡಿದೆ— ಭಾನುವಾರ ಕೆರೆ ಹತ್ತಿರ ಬರ್ತೀರಾ? ಕಳಿಸಿ ಫೋನನ್ನು ದಿಂಬಿನ ಕೆಳಗೆ ತುರುಕಿದೆ. ಟಿಂಗ್ ಅಂದದ್ದು ದಿಂಬಿನ ಒಳಗಿಂದಲೂ ಕೇಳಿಸಿತು. "ಆ ಜಾಗ ನಿಮ್ಗೆ ಆಗಿಬರಲ್ಲ ಅಲ್ವಾ?" ಅಂತ. ಎರಡು ಗಳಿಗೆ ಬಿಟ್ಟು ಇನ್ನೊಂದು— "ಬರ್ತೀನಿ."

ಸೆಪ್ಟೆಂಬರ್ 8, ಭಾನುವಾರ. ಸಂಜೆ

ಈಗಷ್ಟೇ ಬಂದೆ. ಚಪ್ಪಲಿಯನ್ನೂ ಬಿಟ್ಟಿಲ್ಲ, ಬರೆಯಲು ಕೂತೆ.

ನನಗಿಂತ ಮೊದಲೇ ಬಂದು ಕೂತಿದ್ದ. ಸೊರಗಿದ್ದಾನೆ ಸ್ವಲ್ಪ. ಎಡಕ್ಕೆ ಕೂತಿದ್ದವನನ್ನು ಎಬ್ಬಿಸಿ ನನ್ನ ಬಲಕ್ಕೆ ಕೂರಿಸಿದೆ. ಯಾಕೆ ಅಂದ. ಅಷ್ಟೇ ಸಾಕಾಯಿತು, ಎಲ್ಲ ಹೊರಗೆ ಬಂತು. ಅಕ್ಕಿಕಾಳಿಗಿಂತ ಚಿಕ್ಕ ಮೂಳೆ, ಅಮ್ಮ, ಅಪ್ಪನ ಕೂಗು, ಜ್ಯೂಸ್ ಅಂಗಡಿ, ಸ್ಟೇಷನ್ನು. ಮಧ್ಯೆ ಬಾಯಿ ಹಾಕಲಿಲ್ಲ ಅವನು. ಮುಗಿದ ಮೇಲೆ ತಲೆಗೆ ಕೈ ಹೊತ್ತುಕೊಂಡ.

"ನಾನೊಬ್ಬ ಪೆದ್ದ. ನೀವು ನನ್ನ ಮಾತು ಕೇಳ್ಬೇಕು ಅಂತ ಅಲ್ಲಿಗೆಲ್ಲ ಕರ್ಕೊಂಡು ಹೋಗ್ತಿದ್ರಾ?"

ಅವನ ದನಿ! ನಾನು ಅಂದುಕೊಂಡ ಹಾಗೆ ಇಲ್ಲವೇ ಇಲ್ಲ. ತೆಳುವಾಗಿದೆ, ಸ್ವಲ್ಪ ಒಡಕು, ಮಾತಿನ ಕೊನೆ ಗಂಟಲಲ್ಲೇ ಉಳಿದುಬಿಡುತ್ತದೆ. ಒಂದು ಕ್ಷಣ ಇದ್ಯಾರು ಅನ್ನಿಸಿದ್ದೂ ನಿಜ. ಮೆಷಿನ್ ಹಾಲ್‌ನ ಆ ಗಟ್ಟಿ ದನಿಯವನನ್ನು ಹುಡುಕಿದೆ. ಆಮೇಲೆ ಇವನೇ ಇಷ್ಟವಾದ. ಇಷ್ಟು ಸಣ್ಣ ದನಿಯವನು ನನಗಾಗಿ ಅಷ್ಟು ದೊಡ್ಡದಾಗಿ...

ಕೇಳಿದೆ. ಕೇಳಲೇಬೇಕಿತ್ತು. "ಅವತ್ತು ಇಲ್ಲಿ ಕೂತು ನೀವು ಏನು ಹೇಳಿದ್ರಿ? ಒಂದೂ ಕೇಳಿಸ್ಲಿಲ್ಲ. ಈಗ ಹೇಳಿ."

ಮಿಕಮಿಕ ನೋಡಿದ.

"ನಾನು ಏನೂ ಹೇಳ್ಲಿಲ್ವಲ್ರೀ."

"ಬಾಯಿ ಆಡ್ತಿತ್ತು!"

"ಪೆಪ್ಪರ್‌ಮಿಂಟ್ ಇತ್ತು ಬಾಯಲ್ಲಿ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ಒಂದು ಮಾತಿಗೆ ಎಷ್ಟು ದಿನ ಸೊರಗಿದೆ! ಯಾವ ಯಾವ ಮಾತು ಕಟ್ಟಿದೆ! ಮಾತೇ ಇರಲಿಲ್ಲ. ಮೌನವನ್ನೂ ಮಾತನ್ನೂ ಬೇರೆ ಮಾಡಲಾಗದ ಕಿವಿ ಇಟ್ಟುಕೊಂಡು ಎದ್ದು ಓಡಿದ್ದೆ.

"ಮತ್ತೆ ಯಾಕೆ ಕರ್ಕೊಂಡು ಬಂದ್ರಿ ಇಲ್ಲಿಗೆ?"

ಅವನು ನೀರು ನೋಡುತ್ತಾ, ಮೆಲ್ಲಗೆ, ಬಹಳ ಮೆಲ್ಲಗೆ ಹೇಳಿದ— "ಕೂಗಿ ಕೂಗಿ ಗಂಟಲು ಬಿದ್ದೋಗಿತ್ತು. ಅದಕ್ಕೇ ಆ ಪೆಪ್ಪರ್‌ಮಿಂಟ್. ಒಂದಿನ ಕೂಗದೆ ನಿಮ್ಮ ಪಕ್ಕ ಸುಮ್ನೆ ಕೂರ್ಬೇಕು ಅನ್ನಿಸ್ತು. ಅಷ್ಟೇ."

ಕೂತೆವು. ಸುಮ್ಮನೆ. ಎಲೆಗಳಿಗೆ ಸದ್ದಿತ್ತು. ನೀರು ಕಲ್ಲಿಗೆ ತಾಕುತ್ತಿತ್ತು. ಅವನ ಉಸಿರು ಬಲಕ್ಕೆ.

ಕತ್ತಲಾಗುತ್ತಾ ಬಂದಾಗ ಎದ್ದು ಹೇಳಿದ. "ಮುಂದಿನ ಭಾನುವಾರ ನಿಮ್ಮನೆ ಹತ್ರ ಬರ್ತೀನಿ. ಕೂಗಲ್ಲ. ಮೆಟ್ಟಿಲ ಕೆಳಗೆ ನಿಂತು ಹೀಗೇ ಕರೀತೀನಿ. ಕೇಳಿಸಿದ್ರೆ ಇಳಿದು ಬನ್ನಿ."

"ಕೇಳಿಸದಿದ್ರೆ?"

"ಮತ್ತೆ ಕರೀತೀನಿ. ಕೂಗಲ್ಲ."

ಸೆಪ್ಟೆಂಬರ್ 15, ಭಾನುವಾರ. ಬೆಳಿಗ್ಗೆ

ಅಕ್ಕನಿಗೆ ಎಲ್ಲ ಹೇಳಿದೆ. ತಾನೂ ನೋಡಬೇಕಂತೆ, ಪರದೆಯ ಹಿಂದೆ ನಿಂತಿದ್ದಾಳೆ. ಮೂಗಿನ ಸೀಟಿ ಕೇಳುತ್ತಿದೆ. ಸುಮ್ಮನಿರು ಅಂತ ಸನ್ನೆ ಮಾಡಿದರೆ ಉಸಿರೇ ಬಿಗಿಹಿಡಿದಳು.

ಕಿಟಕಿ ತೆರೆದಿದೆ. ಬಲಗಿವಿಯನ್ನು ಆ ಕಡೆ ಮಾಡಿ ಕೂತು ಬರೆಯುತ್ತಿದ್ದೇನೆ. ಎಡಗಿವಿ ಇನ್ನೂ ಹತ್ತಿಯೊಳಗೇ. ಯಾರದೋ ಸೈಕಲ್ಲಿನ ಚೈನು. ಎದುರು ಮನೆಯ ಮಗು ಅಕ್ಷರ ಕೂಡಿಸಿ ಓದುತ್ತಿದೆ. ಹಿತ್ತಲಲ್ಲಿ ಒಣಗಲು ಹಾಕಿದ ಬಟ್ಟೆ ಪಟಪಟ. ಬೀದಿಯ ಗೇಟಿನ ಚಿಲಕ... ಅಲ್ಲ, ಪಕ್ಕದ ಮನೆಯದು. ಇದು ನಮ್ಮದು. ಹೆಜ್ಜೆ. ನಿಂತಿತು. ಗಂಟಲು ಸರಿಮಾಡಿಕೊಂಡ.

ಈಗ, ಮೆಟ್ಟಿಲ ಬುಡದಿಂದ, ಕೂಗದೆ, ನನ್ನ ಹೆಸರು—